ಎಲ್ಲರ ಪಾಲಿನ ಅಯಸ್ಕಾಂತ

ದುಧನಿಯ ಬಾಜಾರ ಸಮಿತಿಯ ಅಂಗಳದಲ್ಲಿ ತೊಗರಿಯ ಚೀಲವು ಕಾಟಾದ ಮೇಲೆ ಏರಿದಾಗ ರೈತನೂ ಅಡತಿಯವನೂ ಒಂದೇ ಅಂಕೆಯನ್ನು ನೋಡುತ್ತಾರೆ. ಆ ಅಂಕೆಯ ಮೇಲೆ ಇಬ್ಬರಿಗೂ ವಿಶ್ವಾಸವಿರುವುದರಿಂದಲೇ ವ್ಯವಹಾರವು ನಡೆಯುತ್ತದೆ. ಈ ವಿಶ್ವಾಸಕ್ಕೆ ಕಾನೂನಿನ ಆಧಾರವುಂಟು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ವ್ಯಾಪಾರದ ಕಾಟಾಗಳನ್ನು ಅಧಿಕಾರಿಗಳು ಪರೀಕ್ಷಿಸಿ ಮುದ್ರೆ ಒತ್ತಬೇಕು. ಅವರ ಬಳಿ ಇರುವ ತೂಕದ ಕಲ್ಲುಗಳನ್ನು ಅವುಗಳಿಗಿಂತ ನಿಖರವಾದ ಕಲ್ಲುಗಳೊಡನೆ ಹೋಲಿಸಿರಬೇಕು. ಹೀಗೆ ಒಂದೊಂದೇ ಮೆಟ್ಟಿಲು ಏರುತ್ತ ಹೋದರೆ ಕೊನೆಗೆ ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ತಲುಪುತ್ತೇವೆ. ಅಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಲೋಹಗಳ ಮಿಶ್ರಣದಿಂದ ಮಾಡಿದ, 57 ಎಂಬ ಸಂಖ್ಯೆಯುಳ್ಳ ಒಂದು ಕಿಲೋಗ್ರಾಂ ತೂಕದ ಪುಟ್ಟ ಉರುಳೆ ಇದೆ. ಅದು ಪ್ಯಾರಿಸ್ ನಗರದ ಸಮೀಪದಲ್ಲಿರುವ ಮೂಲ ಕಿಲೋಗ್ರಾಮಿನ ಪ್ರತಿ.

2019ರ ಮೇ 20ರಿಂದ ಜಗತ್ತಿನ ಕಿಲೋಗ್ರಾಂ ಆ ಮೂಲ ಉರುಳೆಯನ್ನು ಅವಲಂಬಿಸಿಲ್ಲ. ಲೋಹದ ವಸ್ತು ಸವೆಯಬಹುದು, ಧೂಳು ಹಿಡಿಯಬಹುದು. ನಿಸರ್ಗದ ಸ್ಥಿರಾಂಕಕ್ಕೆ ಆ ಭಯವಿಲ್ಲ. ಆದುದರಿಂದ ಪ್ಲ್ಯಾಂಕ್ ಸ್ಥಿರಾಂಕ ಎಂಬ ಸಂಖ್ಯೆಯ ಮೇಲೆ ಕಿಲೋಗ್ರಾಮನ್ನು ನಿಲ್ಲಿಸಲಾಯಿತು. ಆ ಸಂಖ್ಯೆಯನ್ನು ನಿಜವಾದ ತೂಕವಾಗಿ ಮಾರ್ಪಡಿಸಲು ಕಿಬಲ್ ತಕ್ಕಡಿ ಎಂಬ ಯಂತ್ರವನ್ನು ಬಳಸುತ್ತಾರೆ. ಅದು ಭಾರವನ್ನು ವಿದ್ಯುತ್ತಿನ ಬಲದೊಡನೆ ತೂಗುತ್ತದೆ. ಅದಕ್ಕೆ ವಿದ್ಯುತ್ ರೋಧವನ್ನು ಅತ್ಯಂತ ನಿಖರವಾಗಿ ಅಳೆಯಬೇಕು. ಆ ನಿಖರತೆ ಮನುಷ್ಯನ ಕೈಗೆ ಬಂದುದು 1980ರ ಫೆಬ್ರವರಿ 4 ಮತ್ತು 5ರ ನಡುವಿನ ಒಂದು ರಾತ್ರಿ, ಫ್ರಾನ್ಸ್ ದೇಶದ ಗ್ರೆನೋಬಲ್ ಎಂಬ ಊರಿನ ದೊಡ್ಡ ಅಯಸ್ಕಾಂತದ ಪ್ರಯೋಗಾಲಯದಲ್ಲಿ.

ಆ ರಾತ್ರಿ ಪ್ರಯೋಗ ನಡೆಸುತ್ತಿದ್ದವನು ಕ್ಲಾಸ್ ಫಾನ್ ಕ್ಲಿಟ್ಜಿಂಗ್ ಎಂಬ ಜರ್ಮನ್ ವಿಜ್ಞಾನಿ. ಅವನಿಗೆ ಬೇಕಾಗಿದ್ದಷ್ಟು ಬಲವಾದ ಅಯಸ್ಕಾಂತವು ಫ್ರಾನ್ಸ್ ಮತ್ತು ಜರ್ಮನಿಗಳು ಕೂಡಿ ನಡೆಸುತ್ತಿದ್ದ ಗ್ರೆನೋಬಲ್ಲಿನ ಪ್ರಯೋಗಾಲಯದಲ್ಲಿತ್ತು. ಅವನು ಪರೀಕ್ಷಿಸಿದ ಸಿಲಿಕಾನ್ ತುಣುಕುಗಳನ್ನು ಸಿದ್ಧಪಡಿಸಿದವರು ಬೇರೆಯವರು. ತುಣುಕನ್ನು ಬಹಳ ತಂಪುಗೊಳಿಸಿ, 18 ಟೆಸ್ಲಾದಷ್ಟು ಪ್ರಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟು ನೋಡಿದಾಗ ಅದರ ರೋಧವು ಸರಾಗವಾಗಿ ಏರಿಳಿಯದೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿತು. ಆ ಮೆಟ್ಟಿಲುಗಳ ಎತ್ತರವು ತುಣುಕಿನ ಗಾತ್ರದ ಮೇಲಾಗಲಿ ಶುದ್ಧತೆಯ ಮೇಲಾಗಲಿ ಅವಲಂಬಿಸಿರಲಿಲ್ಲ. 25,812.807 ಓಮ್ ಎಂಬ ಒಂದೇ ಸಂಖ್ಯೆಯನ್ನು ಒಂದು, ಎರಡು, ಮೂರು ಎಂಬ ಪೂರ್ಣಾಂಕಗಳಿಂದ ಭಾಗಿಸಿದರೆ ಬರುವ ಬೆಲೆಗಳೇ ಎಲ್ಲೆಡೆ ಕಂಡವು. ಇದಕ್ಕಾಗಿ 1985ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ಪ್ರಸಂಗದಿಂದ ಗ್ರಹಿಸಬೇಕಾದ ಮಾತು ಒಂದುಂಟು. ವಿಜ್ಞಾನಿಯ ಸ್ವಂತ ಸ್ವತ್ತಾಗಿದ್ದುದು ಅವನ ಪ್ರಶ್ನೆ ಮಾತ್ರ. ಅಯಸ್ಕಾಂತವು ಎರಡು ದೇಶಗಳ ಸಾರ್ವಜನಿಕ ಹಣದಿಂದ ನಿರ್ಮಾಣವಾಗಿತ್ತು. ಯೋಗ್ಯವಾದ ಪ್ರಶ್ನೆಯನ್ನು ತಂದವನಿಗೆ ಅದರ ಬಾಗಿಲು ತೆರೆದಿತ್ತು. ಪ್ರಬಲ ಅಯಸ್ಕಾಂತಗಳ ಪ್ರಯೋಗಾಲಯವು ವಿಜ್ಞಾನಕ್ಕೆ ಮಾಡುವ ಸಹಾಯವೆಲ್ಲ ಈ ಒಂದು ವ್ಯವಸ್ಥೆಯಲ್ಲಿ ಅಡಗಿದೆ.

ಇಂಥ ಅಯಸ್ಕಾಂತವನ್ನು ಪ್ರತಿಯೊಂದು ಕಾಲೇಜು ಏಕೆ ಕೊಳ್ಳಲಾರದು? ಹತ್ತನೆಯ ಇಯತ್ತೆಯ ಮಕ್ಕಳು ಇದಕ್ಕೆ ಅರ್ಧ ಉತ್ತರವನ್ನು ಈಗಾಗಲೇ ಬಲ್ಲರು. ತಾಮ್ರದ ತಂತಿಯನ್ನು ಸುರುಳಿಯಾಗಿ ಸುತ್ತಿ ಅದರಲ್ಲಿ ವಿದ್ಯುತ್ತನ್ನು ಹರಿಸಿದರೆ ಅದು ಚುಂಬಕವಾಗುತ್ತದೆ. ವಿದ್ಯುತ್ತನ್ನು ಹೆಚ್ಚಿಸಿದಷ್ಟೂ ಚುಂಬಕದ ಬಲ ಹೆಚ್ಚುತ್ತದೆ. ಪಾಠದ ಪುಸ್ತಕವು ಇಲ್ಲಿಗೆ ನಿಲ್ಲುತ್ತದೆ. ಪ್ರಯೋಗಾಲಯದ ಕಷ್ಟವು ಇಲ್ಲಿಂದಲೇ ಪ್ರಾರಂಭವಾಗುತ್ತದೆ. ವಿದ್ಯುತ್ತನ್ನು ಹೆಚ್ಚಿಸಿದಂತೆ ತಂತಿಯು ಕಾಯುತ್ತದೆ, ಕೊನೆಗೆ ಕರಗುತ್ತದೆ. ಇದಕ್ಕೆ 1930ರ ದಶಕದಲ್ಲಿ ಅಮೇರಿಕದ ಫ್ರಾನ್ಸಿಸ್ ಬಿಟರ್ ಒಂದು ಉಪಾಯವನ್ನು ಕಂಡುಹಿಡಿದನು. ತಂತಿಯ ಬದಲಾಗಿ ತೂತುಗಳುಳ್ಳ ತಾಮ್ರದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ತೂತುಗಳ ಮೂಲಕ ರಭಸದಿಂದ ನೀರನ್ನು ಹರಿಸಿ ಕಾವನ್ನು ಹೊರಗೆ ಸಾಗಿಸುವುದೇ ಆ ಉಪಾಯ. ಇಂದಿಗೂ ಅತಿ ಬಲಿಷ್ಠವಾದ ಅಯಸ್ಕಾಂತಗಳ ಒಳಭಾಗವು ಇದೇ ವಿಧಾನದಲ್ಲಿ ರಚಿತವಾಗುತ್ತದೆ.

ಎರಡನೆಯ ಉಪಾಯವು ತಂಪಿನದು. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನೆಸ್ ಪಾದರಸವನ್ನು ದ್ರವ ಹೀಲಿಯಂನಿಂದ ತಂಪುಗೊಳಿಸಿದಾಗ ಅದರ ವಿದ್ಯುತ್ ರೋಧವು ಪೂರ್ತಿಯಾಗಿ ಮಾಯವಾಯಿತು. ಇಂಥ ವಸ್ತುಗಳಿಗೆ ಅತಿವಾಹಕಗಳೆಂದು ಹೆಸರು. ಅತಿವಾಹಕದ ಸುರುಳಿಯಲ್ಲಿ ಒಮ್ಮೆ ವಿದ್ಯುತ್ತನ್ನು ಹರಿಯಬಿಟ್ಟರೆ ಅದು ಕಾಯದೆ, ಕುಂದದೆ ಸುತ್ತುತ್ತಲೇ ಇರುತ್ತದೆ. ಆದರೆ ಅದನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ ಇಟ್ಟುಕೊಳ್ಳಬೇಕು. ಸೋಲಾಪುರದ ಆಸ್ಪತ್ರೆಗೆ ಎಂಆರ್‌ಐ ತಪಾಸಣೆಗೆ ಹೋದವರು ಇಂಥ ಒಂದು ಸುರುಳಿಯ ಒಳಗೆ ಮಲಗಿ ಬಂದಿರುತ್ತಾರೆ. ಸಾಮಾನ್ಯವಾದ ಎಂಆರ್‌ಐ ಯಂತ್ರದ ಬಲ 1.5 ಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರಕ್ಕಿಂತ ಇದು ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಒಳಗೆ ಹೋಗುವ ಮೊದಲು ಬೀಗದ ಕೈ, ಹೇರ್‌ಪಿನ್, ಕೈಗಡಿಯಾರಗಳನ್ನೆಲ್ಲ ತೆಗೆದಿರಿಸಬೇಕೆಂದು ಸಿಬ್ಬಂದಿಯವರು ಹೇಳುವುದು ಇದೇ ಕಾರಣದಿಂದ.

ಮೂರನೆಯ ಕಷ್ಟವು ಎಲ್ಲಕ್ಕಿಂತ ದೊಡ್ಡದು. ಅಯಸ್ಕಾಂತವು ತನ್ನನ್ನು ತಾನೇ ಹರಿದುಕೊಳ್ಳಲು ಯತ್ನಿಸುತ್ತದೆ. ಸುರುಳಿಯ ಮೇಲೆ ಒಳಗಿನಿಂದ ಹೊರಕ್ಕೆ ಒತ್ತಡ ಬೀಳುತ್ತದೆ. ಕ್ಷೇತ್ರವು ಎರಡು ಪಟ್ಟಾದರೆ ಒತ್ತಡವು ನಾಲ್ಕು ಪಟ್ಟಾಗುತ್ತದೆ. 1 ಟೆಸ್ಲಾದಲ್ಲಿ ಅದು ವಾಯುಮಂಡಲದ ಒತ್ತಡದ ನಾಲ್ಕು ಪಟ್ಟಿದ್ದರೆ, 45 ಟೆಸ್ಲಾದಲ್ಲಿ ಸುಮಾರು ಎಂಟು ಸಾವಿರ ಪಟ್ಟು. ಉಕ್ಕನ್ನೂ ಬಗ್ಗಿಸುವ ಬಲವಿದು. ಆದುದರಿಂದ ಇಂಥ ಯಂತ್ರವನ್ನು ಕಟ್ಟಲು ಲೋಹಶಾಸ್ತ್ರಜ್ಞರು, ವಿದ್ಯುತ್ ಎಂಜಿನಿಯರರು, ಶೀತಲೀಕರಣದ ತಜ್ಞರು, ಬೆಸುಗೆಯಲ್ಲಿ ನುರಿತ ಕುಶಲಕರ್ಮಿಗಳು ವರ್ಷಗಟ್ಟಲೆ ಕೂಡಿ ದುಡಿಯಬೇಕಾಗುತ್ತದೆ.

45 ಟೆಸ್ಲಾದ ಅಂಥ ಒಂದು ಅಯಸ್ಕಾಂತವು ಅಮೇರಿಕದ ಫ್ಲಾರಿಡಾ ರಾಜ್ಯದ ಟ್ಯಾಲಹಾಸಿ ನಗರದಲ್ಲಿ ಇದೆ. ಅಲ್ಲಿನ ಸಂಸ್ಥೆಯ ಹೆಸರು ನ್ಯಾಷನಲ್ ಹೈ ಮ್ಯಾಗ್ನೆಟಿಕ್ ಫೀಲ್ಡ್ ಲ್ಯಾಬೊರೇಟರಿ. ಹೊರಗಡೆ ಅತಿವಾಹಕದ ಸುರುಳಿ, ಒಳಗಡೆ ಬಿಟರ್ ಪದ್ಧತಿಯ ತಟ್ಟೆಗಳು, ಹೊರಗಿನದು 11.5 ಟೆಸ್ಲಾ, ಒಳಗಿನದು 33.5 ಟೆಸ್ಲಾ ಕೊಡುತ್ತದೆ. ಯಂತ್ರದ ಎತ್ತರ 22 ಅಡಿ. ಅದು ನಡೆಯುವಾಗ ಸುಮಾರು 30 ಮೆಗಾವಾಟ್ ವಿದ್ಯುತ್ತು ಬೇಕು. ಇಷ್ಟೆಲ್ಲದರ ನಡುವೆ ಪ್ರಯೋಗಕ್ಕೆ ದೊರೆಯುವ ಸ್ಥಳ 32 ಮಿಲಿಮೀಟರ್ ಅಗಲದ ಒಂದು ರಂಧ್ರ. ಅದೇ ಸಂಸ್ಥೆಯ ಲಾಸ್ ಅಲಮೊಸ್ ಶಾಖೆಯಲ್ಲಿ 2012ರಲ್ಲಿ 100 ಟೆಸ್ಲಾವನ್ನು ದಾಟಿದರು. ಆ ಕ್ಷೇತ್ರವು ಕಣ್ಣೆವೆಯಿಕ್ಕುವುದಕ್ಕಿಂತಲೂ ಕಡಿಮೆ ಹೊತ್ತು ಮಾತ್ರ ಇರುತ್ತದೆ, ಇಲ್ಲವಾದರೆ ಸುರುಳಿಯೇ ಒಡೆದುಹೋದೀತು. 2022ರಲ್ಲಿ ಚೀನದ ಹೆಫೆ ನಗರದ ಪ್ರಯೋಗಾಲಯವು ಸ್ಥಿರ ಕ್ಷೇತ್ರದಲ್ಲಿ 45.22 ಟೆಸ್ಲಾವನ್ನು ಸಾಧಿಸಿತು.

ದಾಖಲೆಗಳಿಗಿಂತ ಮುಖ್ಯವಾದುದು ಟ್ಯಾಲಹಾಸಿಯ ಆಡಳಿತದ ನಿಯಮ. ಪ್ರಯೋಗ ಮಾಡಬಯಸುವವರು ಯಾವ ದೇಶದವರೇ ಆಗಿರಲಿ, ತಮ್ಮ ಪ್ರಶ್ನೆಯನ್ನು ಬರೆದು ಅರ್ಜಿ ಸಲ್ಲಿಸಬೇಕು. ಆ ವಿಷಯವನ್ನು ಬಲ್ಲ ವಿಜ್ಞಾನಿಗಳು ಅರ್ಜಿಯನ್ನು ಪರಿಶೀಲಿಸುತ್ತಾರೆ. ಆಯ್ಕೆಯಾದವರು ಫಲಿತಾಂಶವನ್ನು ಬಹಿರಂಗವಾಗಿ ಪ್ರಕಟಿಸುವವರಾದರೆ ಅಯಸ್ಕಾಂತದ ಬಳಕೆಗೆ ಶುಲ್ಕವಿಲ್ಲ. ಯಂತ್ರವನ್ನು ಅರಿತ ಅಲ್ಲಿನ ಸಿಬ್ಬಂದಿ ಬಂದವರ ಪಕ್ಕದಲ್ಲಿ ನಿಂತು ನೆರವಾಗುತ್ತಾರೆ. 1990ರಲ್ಲಿ ಈ ಪ್ರಯೋಗಾಲಯವನ್ನು ಎಲ್ಲಿ ಸ್ಥಾಪಿಸಬೇಕೆಂಬ ಪ್ರಶ್ನೆ ಎದ್ದಾಗ, ಬಿಟರನ ಹೆಸರಿನ ಅಯಸ್ಕಾಂತ ಪ್ರಯೋಗಾಲಯವನ್ನು ಅನೇಕ ವರ್ಷಗಳಿಂದ ನಡೆಸುತ್ತಿದ್ದ ಸುಪ್ರಸಿದ್ಧ ಎಂಐಟಿ ಸಂಸ್ಥೆಯೂ ಸ್ಪರ್ಧೆಯಲ್ಲಿತ್ತು. ಅಮೇರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಫ್ಲಾರಿಡಾದ ಯೋಜನೆಯನ್ನು ಆರಿಸಿತು. ಎಂಐಟಿ ಮರುಪರಿಶೀಲನೆಗೆ ಮನವಿ ಸಲ್ಲಿಸಿತು, ಅದು ಪುರಸ್ಕೃತವಾಗಲಿಲ್ಲ. ಹಳೆಯ ಹೆಸರೊಂದೇ ಹಕ್ಕನ್ನು ತಂದುಕೊಡಲಿಲ್ಲ.

ಇವೆಲ್ಲ ದೂರದೇಶದ ಮಾತುಗಳೆಂದು ಪಾಲಕರಿಗೆ ಅನ್ನಿಸಬಹುದು. ಆದರೆ ದುಧನಿಯ ನಿಲ್ದಾಣದ ಮುಂದೆ ಹಾದುಹೋಗುವ ರೈಲು ಹಳಿಯನ್ನು ನೆನಪಿಗೆ ತಂದುಕೊಳ್ಳಬೇಕು. ಮುಂಬಯಿ ಮತ್ತು ಬೆಂಗಳೂರುಗಳ ನಡುವಿನ ಉದ್ಯಾನ ಎಕ್ಸ್‌ಪ್ರೆಸ್ ಓಡುವುದು ಇದೇ ಹಳಿಯ ಮೇಲೆ. ಈ ಹಾದಿಯ ಎರಡೂ ತುದಿಗಳಲ್ಲಿ ಪ್ರಬಲ ಅಯಸ್ಕಾಂತಗಳ ಪ್ರಯೋಗಾಲಯಗಳಿವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಥೆಯನ್ನು ಮೊದಲು ಹೇಳಬೇಕು. ಜಲಜನಕ ಪರಮಾಣುವಿನ ಬೀಜವು ಪುಟ್ಟ ದಿಕ್ಸೂಚಿಯಂತೆ ವರ್ತಿಸುತ್ತದೆ. ಕಾಂತಕ್ಷೇತ್ರದಲ್ಲಿ ಇಟ್ಟಾಗ ಅದು ತನ್ನದೇ ಆದ ಒಂದು ರೇಡಿಯೊ ಕಂಪನಕ್ಕೆ ಮಾತ್ರ ಓಗೊಡುತ್ತದೆ. 1 ಟೆಸ್ಲಾಕ್ಕೆ 42.58 ಮೆಗಾಹರ್ಟ್ಸ್. ಈ ವಿದ್ಯಮಾನಕ್ಕೆ ಪರಮಾಣು ಬೀಜದ ಕಾಂತೀಯ ಅನುರಣನವೆಂದು ಹೆಸರು. ವಿಜ್ಞಾನಿಗಳ ಬಳಕೆಯಲ್ಲಿ ಎನ್‌ಎಂಆರ್. ದ್ರವ ಮತ್ತು ಘನ ಪದಾರ್ಥಗಳಲ್ಲಿ ಅದನ್ನು 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಎಂಬವರು ಅಮೇರಿಕದಲ್ಲಿ ತೋರಿಸಿಕೊಟ್ಟರು. ಐದೇ ವರ್ಷಗಳ ಬಳಿಕ, 1951ರಲ್ಲಿ, ಬೆಂಗಳೂರಿನಲ್ಲಿ ಜಿ. ಸೂರ್ಯನ್ ಅವರು ಹರಿಯುತ್ತಿರುವ ದ್ರವದಲ್ಲಿ ಈ ಅನುರಣನವನ್ನು ಅಳೆದು ಪ್ರಬಂಧವನ್ನು ಪ್ರಕಟಿಸಿದರು. ಹರಿವಿನ ವೇಗಕ್ಕೆ ತಕ್ಕಂತೆ ಸಂಕೇತವು ಬದಲಾಗುವುದನ್ನು ಅವರು ಕಂಡರು. ಎಂಆರ್‌ಐ ಯಂತ್ರವು ಇಂದು ರಕ್ತನಾಳಗಳಲ್ಲಿನ ಹರಿವನ್ನು ತೋರಿಸಬಲ್ಲದಾದರೆ ಅದರ ಹಿಂದಿನ ಆರಂಭದ ಹೆಜ್ಜೆಗಳಲ್ಲಿ ಇದೂ ಒಂದು.

ಅದೇ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ಅನಿಲ್ ಕುಮಾರ್ ಅವರ ಹೆಸರು ಎಂಆರ್‌ಐ ಇತಿಹಾಸದೊಡನೆ ನೇರವಾಗಿ ಬೆಸೆದಿದೆ. 1975ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ರಿಚರ್ಡ್ ಅರ್ನ್‌ಸ್ಟ್ ಮತ್ತು ವೆಲ್ಟಿ ಎಂಬವರ ಜೊತೆಗೂಡಿ ಅವರು ಪ್ರಕಟಿಸಿದ ವಿಧಾನವು ರೇಡಿಯೊ ಸಂಕೇತಗಳನ್ನು ಗಣಿತದ ಮೂಲಕ ಚಿತ್ರವಾಗಿ ಮಾರ್ಪಡಿಸುತ್ತದೆ. ಇಂದಿನ ಎಂಆರ್‌ಐ ಚಿತ್ರಗಳು ಮೂಡಿಬರುವ ರೀತಿಗೆ ಆ ವಿಧಾನವೇ ತಳಹದಿ. 1980ರಲ್ಲಿ ಅರ್ನ್‌ಸ್ಟ್ ಮತ್ತು ಕುರ್ಟ್ ವೂಥ್ರಿಕ್ ಅವರೊಡನೆ ಅವರು ಮಾಡಿದ ಇನ್ನೊಂದು ಕೆಲಸವು ಪ್ರೋಟೀನಿನೊಳಗೆ ಯಾವ ಪರಮಾಣು ಯಾವುದರ ನೆರೆಯಲ್ಲಿದೆ ಎಂಬುದನ್ನು ತಿಳಿಯಲು ದಾರಿ ತೆರೆಯಿತು. ಅರ್ನ್‌ಸ್ಟ್ 1991ರಲ್ಲಿಯೂ ವೂಥ್ರಿಕ್ 2002ರಲ್ಲಿಯೂ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಇಂಥ ಅಧ್ಯಯನಕ್ಕೆ ಪ್ರಬಲ ಅಯಸ್ಕಾಂತವೇ ಏಕೆ ಬೇಕು? ಪ್ರೋಟೀನಿನಲ್ಲಿ ಸಾವಿರಾರು ಜಲಜನಕ ಬೀಜಗಳಿರುತ್ತವೆ. ದುರ್ಬಲ ಕ್ಷೇತ್ರದಲ್ಲಿ ಅವುಗಳ ದನಿಗಳೆಲ್ಲ ಜಾತ್ರೆಯ ಗದ್ದಲದಂತೆ ಒಂದರೊಳಗೊಂದು ಬೆರೆತು ಕೇಳಿಸುತ್ತವೆ. ಕ್ಷೇತ್ರವು ಹೆಚ್ಚಿದಂತೆ ದನಿಗಳು ದೂರ ದೂರ ಸರಿದು, ಒಂದೊಂದನ್ನೂ ಬೇರೆಯಾಗಿ ಗುರುತಿಸಲು ಬರುತ್ತದೆ. ಔಷಧದ ಕಣವು ರೋಗಾಣುವಿನ ಪ್ರೋಟೀನಿಗೆ ಎಲ್ಲಿ ಅಂಟಿಕೊಳ್ಳುತ್ತದೆ, ಎಣ್ಣೆಕಾಳಿನಲ್ಲಿ ಎಣ್ಣೆ ಎಷ್ಟಿದೆ ಎಂಬ ಬಗೆಬಗೆಯ ಪ್ರಶ್ನೆಗಳಿಗೆ ಈ ಅನುರಣನದಿಂದ ಉತ್ತರ ದೊರೆಯುತ್ತದೆ. ಎಣ್ಣೆಯನ್ನು ಅಳೆಯಲು ಸಣ್ಣ ಅಯಸ್ಕಾಂತವೇ ಸಾಕು. ಪ್ರೋಟೀನಿನ ಒಳರಚನೆಗೆ ಮಾತ್ರ ದೊಡ್ಡದೇ ಬೇಕು.

ಆದುದರಿಂದಲೇ ಭಾರತ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಹಂಚಿಕೊಂಡು ಬಳಸುವ ಕೇಂದ್ರಗಳಿಗೆ ಹಣ ಒದಗಿಸಿತು. ಬೆಂಗಳೂರಿನ ಕೇಂದ್ರವು 1977ರಲ್ಲಿ 270 ಮೆಗಾಹರ್ಟ್ಸ್‌ನ ಅತಿವಾಹಕ ಯಂತ್ರದೊಡನೆ ಕೆಲಸ ಮಾಡತೊಡಗಿತು. ಇಂದು ಅದು ಎನ್‌ಎಂಆರ್ ಸಂಶೋಧನಾ ಕೇಂದ್ರವೆಂದು ಹೆಸರಾಗಿದೆ. 1983ರಲ್ಲಿ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪ್ರಬಲ ಕ್ಷೇತ್ರದ ಎನ್‌ಎಂಆರ್ ರಾಷ್ಟ್ರೀಯ ಕೇಂದ್ರವು ಸ್ಥಾಪಿತವಾಯಿತು. ಅಲ್ಲಿನ ಮೊದಲ ಯಂತ್ರ 500 ಮೆಗಾಹರ್ಟ್ಸ್‌ನದು, ಅಂದರೆ 11.7 ಟೆಸ್ಲಾ. ರಾಷ್ಟ್ರೀಯ ಕೇಂದ್ರವೆಂಬ ಹೆಸರಿನ ಅರ್ಥವೇ ಅದು ಒಂದು ಸಂಸ್ಥೆಯ ಗೋಡೆಯೊಳಗೆ ಉಳಿಯದೆ ದೇಶದ ಇತರ ಸಂಶೋಧಕರಿಗೂ ಸಲ್ಲುತ್ತದೆ ಎಂಬುದು.

ಮಧ್ಯಪ್ರದೇಶದ ಇಂದೂರಿನಲ್ಲಿ ಇದೇ ಉದ್ದೇಶದ ಇನ್ನೊಂದು ವ್ಯವಸ್ಥೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗ ಮತ್ತು ಪರಮಾಣು ಶಕ್ತಿ ಇಲಾಖೆಗಳು ಕೂಡಿ ನಡೆಸುವ ವೈಜ್ಞಾನಿಕ ಸಂಶೋಧನಾ ಒಕ್ಕೂಟವು ಅಲ್ಲಿನ ದೇವಿ ಅಹಿಲ್ಯಾ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಅತಿಶೀತದ ಉಷ್ಣತೆಯಲ್ಲಿ 14 ಟೆಸ್ಲಾದ ಕ್ಷೇತ್ರವನ್ನು ಕೊಡುವ ಯಂತ್ರಗಳು ಅಲ್ಲಿವೆ. ತಮ್ಮಲ್ಲಿ ಅಂಥ ಸಾಧನವಿಲ್ಲದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ನೆರವಾಗುವುದೇ ಆ ಒಕ್ಕೂಟದ ಕಾರ್ಯ. ಸೋಲಾಪುರದ ವಿಶ್ವವಿದ್ಯಾಲಯಕ್ಕೂ ಅದೇ ಪುಣ್ಯಶ್ಲೋಕ ಅಹಿಲ್ಯಾದೇವಿಯ ಹೆಸರೇ ಇದೆ. ಹೆಸರಿನ ನಂಟು ಆಕಸ್ಮಿಕ. ಆದರೆ ಸೋಲಾಪುರದ ಸಂಶೋಧಕ ವಿದ್ಯಾರ್ಥಿಯು ಇಂದೂರಿಗೆ ಅರ್ಜಿ ಬರೆಯುವುದು ಆಕಸ್ಮಿಕವಾಗಿರಬೇಕಾಗಿಲ್ಲ.

ಗಡಿಭಾಗದ ಕನ್ನಡ ಶಾಲೆಗಳ ಪಾಲಕರಲ್ಲಿ ಒಂದು ಅಳುಕು ಬೇರೂರಿದೆ. ಕನ್ನಡದಲ್ಲಿ ಓದಿದ ಮಗುವಿಗೆ ವಿಜ್ಞಾನದ ದೊಡ್ಡ ಬಾಗಿಲುಗಳು ತೆರೆಯಲಾರವು ಎಂಬುದೇ ಆ ಅಳುಕು. ಹತ್ತನೆಯ ಇಯತ್ತೆಯ ಬಳಿಕ ಕನ್ನಡವನ್ನು ಬಿಟ್ಟು ಮುಂದುವರಿಯಬೇಕಾಗುವುದು ನಿಜ. ಪ್ರಯೋಗಾಲಯಗಳಿಗೆ ಸಲ್ಲಿಸುವ ಅರ್ಜಿಯು ಇಂಗ್ಲಿಷಿನಲ್ಲಿರುವುದೂ ನಿಜ. ಆದುದರಿಂದ ಇಂಗ್ಲಿಷನ್ನು ಚೆನ್ನಾಗಿ ಕಲಿಯದೆ ಗತ್ಯಂತರವಿಲ್ಲ. ಆದರೆ ಅರ್ಜಿಯನ್ನು ಪರಿಶೀಲಿಸುವವರು ಪ್ರಶ್ನೆಯು ಯೋಗ್ಯವೇ, ಅದಕ್ಕೆ ಈ ಅಯಸ್ಕಾಂತವೇ ಬೇಕೇ ಎಂಬುದನ್ನು ನೋಡುತ್ತಾರೆ. ಅರ್ಜಿದಾರನು ಐದನೆಯ ಇಯತ್ತೆಯನ್ನು ಯಾವ ಮಾಧ್ಯಮದಲ್ಲಿ ಓದಿದನೆಂದು ಕೇಳುವುದಿಲ್ಲ. ಯೋಗ್ಯವಾದ ಪ್ರಶ್ನೆಯನ್ನು ಕೇಳುವ ಬುದ್ಧಿಯು ಮಗುವಿಗೆ ಮನೆಯ ಮಾತಿನಲ್ಲಿಯೇ ಮೊದಲು ಬರುತ್ತದೆ. "ಸುರುಳಿಯಲ್ಲಿ ಸುತ್ತುಗಳನ್ನು ಹೆಚ್ಚಿಸಿದರೆ ಏನಾಗುತ್ತದೆ?" ಎಂದು ಕನ್ನಡದಲ್ಲಿ ಕೇಳಿ, ತಾನೇ ಸುತ್ತಿ ನೋಡಿದ ಮಗುವು, ಅದೇ ಪ್ರಶ್ನೆಯ ಉತ್ತರವನ್ನು ಇಂಗ್ಲಿಷಿನಲ್ಲಿ ಉರುಹೊಡೆದ ಮಗುವಿಗಿಂತ ಪ್ರಯೋಗಾಲಯಕ್ಕೆ ಹತ್ತಿರವಾಗಿದೆ.

ಆದುದರಿಂದ ಚಿಂತಿಸಬೇಕಾದುದು ಮಾಧ್ಯಮಕ್ಕಿಂತ ಹೆಚ್ಚಾಗಿ ಸಾಧನಗಳನ್ನು ಕುರಿತು. ಚಿಕ್ಕ ಶಾಲೆಯೊಂದರ ಕಪಾಟಿನಲ್ಲಿ ಸೂಕ್ಷ್ಮದರ್ಶಕವಿದ್ದರೆ ಅಮ್ಮೀಟರ್ ಇರುವುದಿಲ್ಲ. ಇನ್ನೊಂದರಲ್ಲಿ ಅಮ್ಮೀಟರ್ ಇದ್ದರೆ ಅದನ್ನು ಬಳಸಿ ತೋರಿಸುವ ಶಿಕ್ಷಕರ ಜಾಗ ತೆರವಾಗಿರುತ್ತದೆ. ಇದ್ದ ಸಾಧನವೂ ಒಡೆದೀತೆಂಬ ಭಯದಿಂದ ಬೀಗದೊಳಗೆ ಉಳಿಯುತ್ತದೆ. ಪ್ರತಿ ಶಾಲೆಗೂ ಎಲ್ಲವೂ ದೊರೆಯುವ ದಿನವನ್ನು ಕಾಯುತ್ತ ಕುಳಿತರೆ ಮಕ್ಕಳು ಶಾಲೆಯನ್ನೇ ಮುಗಿಸಿ ಹೋಗುತ್ತಾರೆ.

ಗ್ರೆನೋಬಲ್, ಟ್ಯಾಲಹಾಸಿ, ಮುಂಬಯಿ, ಇಂದೂರುಗಳು ಇದೇ ಕೊರತೆಗೆ ಕಂಡುಕೊಂಡ ಉತ್ತರವನ್ನು ಅಕ್ಕಲಕೋಟ ತಾಲೂಕಿಗೂ ಅನ್ವಯಿಸಬಹುದು. ತಾಲೂಕಿನ ಕನ್ನಡ, ಮರಾಠಿ, ಉರ್ದು ಶಾಲೆಗಳು ತಮ್ಮ ತಮ್ಮ ಸಾಧನಗಳ ಪಟ್ಟಿಯನ್ನು ಮಾಡಿ ಒಬ್ಬರಿಗೊಬ್ಬರು ತಿಳಿಸಲಿ. ತಿಂಗಳಿಗೊಂದು ಶನಿವಾರ ದುಧನಿಯ ಒಂದು ಶಾಲೆಯ ಪ್ರಯೋಗಶಾಲೆಯು ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ತೆರೆದಿರಲಿ. ಬರುವ ಮಗುವು ಪ್ರವೇಶಕ್ಕೆ ಶುಲ್ಕವನ್ನು ತರುವುದು ಬೇಡ. ಒಂದು ಪ್ರಶ್ನೆಯನ್ನು ತನ್ನ ಭಾಷೆಯಲ್ಲಿ ಕಾಗದದ ಮೇಲೆ ಬರೆದು ತರಲಿ. ಶಿಕ್ಷಕರು ಅವುಗಳನ್ನು ಓದಿ, ಮಾಡಿ ನೋಡಬಹುದಾದವನ್ನು ಆರಿಸಲಿ. ಕಂಡ ಫಲಿತಾಂಶವನ್ನು ಎಲ್ಲರೂ ಓದುವಂತೆ ಒಂದು ವಹಿಯಲ್ಲಿ ಬರೆದಿಡಲಿ. ಸಾಧನ ಒಡೆದರೆ ಅದರ ವೆಚ್ಚವನ್ನು ಶಾಲೆಗಳು ಸಮನಾಗಿ ಹೊರುವುದೆಂದು ಮೊದಲೇ ಕರಾರು ಮಾಡಿಕೊಂಡರೆ ಬೀಗದ ಭಯವೂ ಹೋಗುತ್ತದೆ.

ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಪಾಲಕರಿಗೆ ಕಾನೂನು ಸ್ಥಾನ ಕೊಟ್ಟಿದೆ. 2009ರ ಶಿಕ್ಷಣ ಹಕ್ಕಿನ ಕಾಯ್ದೆಯಂತೆ ಅನುದಾನಿತವಲ್ಲದ ಖಾಸಗಿ ಶಾಲೆಗಳ ಹೊರತು ಉಳಿದ ಶಾಲೆಗಳಲ್ಲಿ ಈ ಸಮಿತಿ ಇರಬೇಕು; ಅದರ ಸದಸ್ಯರಲ್ಲಿ ಮುಕ್ಕಾಲು ಪಾಲಾದರೂ ಪಾಲಕರಾಗಿರಬೇಕು. ಸಮಿತಿಯ ಸಭೆಯಲ್ಲಿ ಬಿಸಿಯೂಟ, ಗೋಡೆ, ಛಾವಣಿಗಳ ಚರ್ಚೆಯ ಜೊತೆಗೆ ಒಂದು ಪ್ರಶ್ನೆಯನ್ನು ಪಾಲಕರು ಎತ್ತಬಹುದು: ನಮ್ಮ ಶಾಲೆಯ ಪ್ರಯೋಗದ ಕಪಾಟಿನಲ್ಲಿ ಏನಿದೆ, ಅದು ಕಳೆದ ವರ್ಷ ಎಷ್ಟು ಸಲ ತೆರೆಯಿತು? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಬೇಕು. ಈ ಕೆಲಸಕ್ಕೆ ಹಣ ಬೇಡ, ಇಂಗ್ಲಿಷೂ ಬೇಡ. ಬರುವ ಸಭೆಯಲ್ಲಿಯೇ ಅದನ್ನು ಮಾಡಬಹುದು.